ಕತ್ತರಿಸಿದ ಹಸೆಹಾಡು

ಚಳ್ಳಕೆರೆಯ ಮುರುಗೇಶನಿಗೆ ಸಂಗೀತ ಬರುತ್ತಿರಲಿಲ್ಲ, ಮನೆಗೆ ಕಂಪ್ಯೂಟರ್ ಬಂದಿತ್ತು. ಎರಡು ಸಾವಿರದ ಮೂರರಲ್ಲಿ ಅಷ್ಟಿದ್ದರೆ ಸಾಕು ಎಂದು ಅವನ ನಂಬಿಕೆ. ಅದಕ್ಕೊಂದು ಕೀಬೋರ್ಡ್ ವಾದ್ಯ ಸಿಕ್ಕಿಸಿ, ಗೆಳೆಯ ಅಸ್ಲಂ ಕೊಟ್ಟ ಸಿ.ಡಿ.ಯಿಂದ ಸಾಫ್ಟ್‌ವೇರ್ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಕೊಳಲು, ಪಿಟೀಲು, ತಬಲ ಎಲ್ಲ ನುಡಿಸುತ್ತಿದ್ದ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಇವನು ಹಾಲು ಉಕ್ಕಿದರೂ ಅದಕ್ಕೊಂದು ತಾಳ ಕೂರಿಸುತ್ತಿದ್ದ.

ತಂಗಿ ಜ್ಯೋತಿಲಕ್ಷ್ಮಿಯ ಮದುವೆ ಹತ್ತಿರ ಬಂದಾಗ ತಾಯಿ ಸುಲೋಚನಮ್ಮ ಅವನ ಪಕ್ಕ ಬಂದು ನಿಂತಳು. ಒಂದು ಕಾಲಕ್ಕೆ ಅವಳು ದನಿ ಎತ್ತದೆ ಆ ಬೀದಿಯ ಯಾವ ಮದುಮಗಳೂ ಹಸೆಮಣೆಗೆ ಕೂರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ.

"ನಾನಂತೂ ಹಸೆ ಮುಂದೆ ಕೂರಂಗಿಲ್ಲ ಕಣಪ್ಪ. ಇದ್ರಾಗೆ ನನ್ನ ದನಿ ಹಿಡಿದಿಡಾಕಾಗ್ತೈತಾ? ದನಿಗೇನು ಅಡ್ಡಿ ಐತೆ?"

ಮೈಕಿನ ಮುಂದೆ ಕೂತು ಕಣ್ಣು ಮುಚ್ಚಿ ಹಾಡಿದಳು.

ಮುರುಗೇಶ ಆ ಹಾಡನ್ನು ಪರದೆಯ ಮೇಲೆ ನೋಡಿದ. ದನಿ ಇದ್ದಲ್ಲಿ ಗೀಟುಗಳು ಎದ್ದಿದ್ದವು. ಪ್ರತಿ ಸಾಲು ಮುಗಿದ ಮೇಲೆ ಉದ್ದಕ್ಕೆ ಖಾಲಿ. ಪಾಪ, ವಯಸ್ಸಾಯಿತು, ಮುಂದಿನ ಸಾಲು ನೆನಪಾಗದೆ ತಡವರಿಸಿದ್ದಾಳೆ ಅಂದುಕೊಂಡ. ಕೇಳಬಹುದಿತ್ತು, ಕೇಳಲಿಲ್ಲ. ಖಾಲಿ ಜಾಗವನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿ, ಹಿಂದೆ ತಬಲ ಓಡಿಸಿದ.

ಅರಿಶಿನ ಶಾಸ್ತ್ರದ ಬೆಳಿಗ್ಗೆ ಸ್ಪೀಕರ್ ಹಚ್ಚಿದ. ಮೊದಲ ಸಾಲು ಮುಗಿಯಿತು. ಮದುಮಗಳ ಸುತ್ತ ಕೂತ ಹೆಂಗಸರು ಅದನ್ನು ತಿರುಗಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎರಡನೆಯದು ನುಗ್ಗಿತು. ಮತ್ತೆ ತೆರೆದರು, ಮೂರನೆಯದು ಬಂತು. ಹಸೆಹಾಡೆಂದರೆ ಒಬ್ಬರು ಹೇಳಿಕೊಡಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಆ ಖಾಲಿ ಜಾಗ ಇವರದಾಗಿತ್ತು. ಹಾಡಿನ ಹೊತ್ತಿಗೆಲ್ಲ ಚಪ್ಪರದ ಹೊರಗೆ ಗಂಡಸರ ಜೊತೆ ಹರಟುತ್ತಲೇ ಬೆಳೆದ ಮುರುಗೇಶನಿಗೆ ಅದು ಈಗ ತಿಳಿಯಿತು. ಮುಖ ಕಾದ ಹಂಚಾಯಿತು.

"ಇದೇನು ಸುಲೋಚನ ಹಿಂಗೆ ಹಾಡವ್ಳೆ? ನಮ್ಗೆ ಜಾಗಾನೇ ಬಿಟ್ಟಿಲ್ಲ," ಎಂದಳು ಸೋದರತ್ತೆ ಯರ್ರಮ್ಮ. "ಮರ್ತವ್ಳೆ ಬಿಡು. ಆರಿಸಪ್ಪ ಅದನ್ನ, ನಾವೇ ಹೇಳ್ಕಂತೀವಿ."

ಕತ್ತರಿಸಿದ್ದು ನಾನು ಅನ್ನಲು ಎಷ್ಟು ಹೊತ್ತು ಬೇಕು? ಆರಿಸಿ, ಅಡುಗೆಮನೆಗೆ ಹೋದ.

ಸುಲೋಚನಮ್ಮ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. "ಜಾಗ ಬಿಟ್ಟೇ ಹಾಡಿದೆ ಅಂದ್ಕಂಡಿದ್ದೆ ಮುರುಗೇಶ. ಹಾಡದೆ ಹಾಡದೆ ಮರ್ತೇ ಹೋಗೈತೇನೋ."

"ನೀನು ಬಿಟ್ಟಿದ್ದೆ ಅವ್ವ. ನಾನೇ ತೆಗೆದ್ಬಿಟ್ಟೆ."

ಅವಳ ಮುಖ ಅರಳಿತು. ನಾಚಿಕೆಯಿಂದ ಅವನಿಗೆ ಅದನ್ನು ನೋಡಲಾಗಲಿಲ್ಲ.

"ಹಂಗಾದ್ರೆ ನಾನು ಮರ್ತಿಲ್ಲ," ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ರಿಗೆ ಹೇಳಾಕೆ ಹೋಗಬ್ಯಾಡ. ನೆಂಟರೆಲ್ಲ ಬಂದವ್ರೆ, ಕಂಪ್ಯೂಟರ್ ಕಲ್ತ ಹುಡುಗ ಅಂತ ನಿನ್ನ ಮ್ಯಾಲೆ ಮರ್ವಾದೆ ಐತೆ. ಮುದುಕಿ ಮರ್ತ್ಳು ಅಂದ್ರೆ ಏನು ಹೋಗ್ತೈತೆ?"

ಅವ್ವ ಬೇಡವೆಂದರೂ ಅವನು ಹೇಳಬೇಕಿತ್ತು. ಊಟದ ಪಂಕ್ತಿಯಲ್ಲಿ ಯರ್ರಮ್ಮ, "ಪಾಪ, ಎಂಥಾ ಹಾಡುಗಾತಿ ಆಗಿದ್ಳು ನಿಮ್ಮವ್ವ," ಎಂದು ನಿಟ್ಟುಸಿರಿಟ್ಟಾಗಲೂ ಹೇಳಬಹುದಿತ್ತು.

"ಹೂಂ ಅತ್ತೆ, ವಯಸ್ಸಾಯ್ತಲ್ಲ," ಅಂದುಬಿಟ್ಟ.