ಕರ್ಪೂರದ ಎಣ್ಣೆ ಕುಡಿದ ಅನು

ಶೀತವಾದ ಮಗುವಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವುದು ನಮ್ಮ ಮಳವಳ್ಳಿ ಕಡೆ ಮನೆಮನೆಯಲ್ಲೂ ಉಂಟು. ಆಶಾ ಕಾರ್ಯಕರ್ತೆ ಪುಷ್ಪಾ ಎನ್ನುವ ನನ್ನನ್ನೂ ಹಾಗೇ ತಿಕ್ಕಿ ಬೆಳೆಸಿದ್ದಾರೆ. ಅದಕ್ಕೇ ಇರಬೇಕು, ಅಂದು ಬೇಡವೆಂದು ಗಟ್ಟಿಯಾಗಿ ಹೇಳಲಿಲ್ಲ.

ಚುಚ್ಚುಮದ್ದಿನ ದಿನ ತಿಳಿಸಲು ಮುದ್ದಮ್ಮನವರ ಮನೆಗೆ ಹೋಗಿದ್ದೆ. ಅವರ ಒಂದೂವರೆ ವರ್ಷದ ಮೊಮ್ಮಗಳು ಅನು ಕೆಮ್ಮುತ್ತಿದ್ದಳು. ಮುದ್ದಮ್ಮ ಎಣ್ಣೆ ತಿಕ್ಕುತ್ತಿದ್ದರು.

“ಮಕ್ಕಳಿಗೆ ಕರ್ಪೂರ ಬ್ಯಾಡ ಅಂತಾರೆ ಕಣಮ್ಮ,” ಎಂದೆ.

“ಸುಮ್ಕಿರವ್ವ! ದ್ಯಾವ್ರಿಗೆ ಅಚ್ಚೋದು ಮಗೀಗೆ ಕೇಡು ಮಾಡದಾ? ಇವ್ಳಪ್ಪನ್ನೂ ಇಂಗೇ ಸಾಕಿದ್ದು.”

ಅವರ ಬಾಯಿಗೆ ಹೆದರಿ ಎದ್ದು ಬಂದೆ.

ಎರಡು ದಿನ ಕಳೆದು, ಕಫ ಕರಗಲಿ ಎಂದು ಮುದ್ದಮ್ಮ ಅದೇ ಎಣ್ಣೆಯನ್ನು ಒಂದು ಚಮಚ ಕುಡಿಸಿದರು. ಸ್ವಲ್ಪ ಹೊತ್ತಿಗೇ ಅನುವಿನ ಕೈಕಾಲು ಸೆಟೆದುಕೊಂಡವು. ಮನೆಯವರು ಅಂಗೈಗೆ ಬೀಗದ ಕೈ ಹಿಡಿಸಿ, ಈಗ ನಿಂತೀತು ಆಗ ನಿಂತೀತು ಎಂದು ಕಾದರು. ನನಗೆ ಫೋನ್ ಬರುವಾಗ ಅರ್ಧ ಗಂಟೆ ಆಗಿತ್ತು. ಆಂಬುಲೆನ್ಸ್ ಕರೆಸಿ ಮಂಡ್ಯದ ಆಸ್ಪತ್ರೆಗೆ ಓಡಿದೆವು.

ಅನು ಉಳಿದಳು. ಆದರೆ ಅಷ್ಟು ಹೊತ್ತು ಫಿಟ್ಸ್ ನಿಲ್ಲದೆ ಮೆದುಳಿಗೆ ಪೆಟ್ಟಾಗಿ, ಆಡುತ್ತಿದ್ದ ನಾಲ್ಕು ಮಾತು ಇನ್ನೂ ಬಂದಿಲ್ಲ.

“ತಿಕ್ದಾಗ ಏನೂ ಆಗ್ನಿಲ್ವಲ್ಲ ಪುಸ್ಪ?” ಆಸ್ಪತ್ರೆಯಲ್ಲಿ ಮುದ್ದಮ್ಮ ಕೇಳಿದರು.

“ಚರ್ಮದಿಂದ್ಲೂ ಒಳಿಕ್ಕೆ ಓಯ್ತದೆ ಕಣಮ್ಮ. ಕುಡುದ್ರೆ ಇನ್ನೂ ಬೇಗ. ಮೆದುಳಲ್ಲಿ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಅದು ಅತಿಯಾಗ್ದಂಗೆ ತಡೆಯೋ ಏರ್ಪಾಡೂ ಅದೆ, ನಾಲೆಗೆ ತೂಬು ಇದ್ದಂಗೆ. ಕರ್ಪೂರ ಆ ತಡೆ ಕೆಡ್ಸ್‌ಬುಡ್ತದೆ. ಎಲ್ಲಾ ನರಾನೂ ಒಟ್ಗೆ ಕೆರಳುದ್ರೆ ಅದೇ ಫಿಟ್ಸು. ನೀಲಗಿರಿ ಎಣ್ಣೇನೂ ಅಂಗೇಯ.”

ಅವರು ಬಹಳ ಹೊತ್ತು ಅತ್ತರು. “ಅವತ್ತೇ ಇಂಗೆ ಬುಡ್ಸಿ ಯೋಳ್ಬಾರ್ದಾಗಿತ್ತಾ, ಮಗ?”

 

ಈಗ ಮುದ್ದಮ್ಮನೇ ಊರ ಹೆಂಗಸರ ಸಂಘದ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ. “ಪಿರೂತಿಯಿಂದ್ಲೇ ಕುಡ್ಸಿದ್ದು ಕಣ್ರವ್ವ. ನೀವು ಮಾಡ್ಬ್ಯಾಡಿ,” ಎನ್ನುತ್ತಾರೆ.

ಅವ್ವಂದಿರೇ, ಅಜ್ಜಿಯರೇ, ಕರ್ಪೂರವನ್ನಾಗಲಿ ನೀಲಗಿರಿ ಎಣ್ಣೆಯನ್ನಾಗಲಿ ಪುಟ್ಟ ಮಕ್ಕಳಿಗೆ ಹಚ್ಚಬೇಡಿ, ಮೂಗಿಗೆ ಬಿಡಬೇಡಿ, ಕುಡಿಸಲೇಬೇಡಿ. ಅವರ ಕೈಗೆ ಎಟುಕದಂತೆ ಇಡಿ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಇದನ್ನು ಪಕ್ಕದ ಮನೆಯವರಿಗೂ ತಿಳಿಸಿ, ಬೈದರೂ ಬಿಡಬೇಡಿ. ನಾನು ಬೈಗುಳಕ್ಕೆ ಹೆದರಿದೆ, ಅನು ಮಾತು ಕಳೆದುಕೊಂಡಳು.