ನಯನಾಳ ಕಿವಿಗೊಂದು ಮಿಷಿನ್

ತಪಾಸಣೆಯ ಜೀಪು ಬಂದ ದಿನ ಒಂದನೇ ತರಗತಿಯ ನಯನಾಳನ್ನು ಶಾಲೆಯ ಅಕ್ಕಿ ಮೂಟೆ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು. ಜೀಪು ಹೋದ ಮೇಲೆ ತೆಗೆದರು.

ಶಾಲೆಯ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಉಳಿದವು ಬೀಗುತ್ತವೆ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ಕೈ ತೋರಿಸಿದರೆ ನಿಲ್ಲುವ ಊರುಗಳಲ್ಲಿ ಒಂದು ಎಂದರೆ ಸಾಕು. ಹೆಡ್‌ಮೇಷ್ಟ್ರು ಗಂಗಾಧರಸ್ವಾಮಿ ಕೆಟ್ಟವರಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ದಯೆಯ ಬಗ್ಗೆ ಮಾತಾಡುವಾಗ ಅವರ ಕಣ್ಣು ನಿಜಕ್ಕೂ ಒದ್ದೆಯಾಗುತ್ತದೆ. ಚಿಲಕ ಹಾಕುವ ಮುಂಚೆ ಮಗುವಿಗೆ ಬಾಳೆಹಣ್ಣನ್ನೂ ಕೊಟ್ಟಿದ್ದರು.

ಮಾರನೆಯ ಬೆಳಿಗ್ಗೆ ತಾಯಿ ನಾಗರತ್ನ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು. "ನನ್ ಮಗೀನ ಯಾಕ್ ಸಾ ಕೂಡಾಕಿದ್ರಿ?"

"ಕೂಡಾಕಿದ್ದು ಅನ್ಬೇಡಮ್ಮ. ಸದ್ದಿಲ್ಲದ ಜಾಗ ಅಂತ ಕೂರಿಸಿದ್ದು. ಅವಳಿಗೆ ಸದ್ದು ಆಗಲ್ಲ ಅಂತ ನೀನೇ ಹೇಳಿದ್ದಲ್ವಾ?"

"ಚಿಲ್ಕ ಯಾಕ್ ಸಾ?"

"ಚಿಲ್ಕ ಹಾಕ್ದಿದ್ರೆ ಇಲಿ ನುಗ್ತವೆ."

"ಇಲಿ ಒಳಗೇ ಅವೆ ಕನ ಸಾ."

ಮೇಷ್ಟ್ರು ಮಗುವಿನ ತಪ್ಪುಗಳನ್ನು ಹೇಳತೊಡಗಿದರು. ಹೆಸರು ಕೂಗಿದರೆ ತಿರುಗಲ್ಲ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಎಲ್ಲಕ್ಕಿಂತ ದೊಡ್ಡದು, ಮಧ್ಯಾಹ್ನದ ಊಟದ್ದು. ಎಲ್ಲರ ತಟ್ಟೆಗೂ ಬಡಿಸಿ, ಶ್ಲೋಕ ಹೇಳಿ ಮುಗಿಯುವವರೆಗೆ ಯಾರೂ ಅನ್ನ ಮುಟ್ಟುವಂತಿಲ್ಲ. ಇವಳು ಅನ್ನ ಬಿದ್ದ ತಕ್ಷಣ ಕೈ ಹಾಕುತ್ತಾಳೆ.

"ಮೈಸೂರಿನ ಡಾಕ್ಟ್ರು ಆಟಿಸಂ ಅಂದವ್ರೆ ಸಾ. ಪಕ್ದಲ್ಲಿ ಒಬ್ರು ಕೂತ್ಕಂಡು ತಿಳೀಸ್ಕೊಟ್ರೆ ಕಲೀತಾಳೆ ಅಂದವ್ರೆ."

"ಒಬ್ರನ್ನ ನಾನೆಲ್ಲಿಂದ ತರಲಿ? ಇರೋ ಮೇಷ್ಟ್ರಿಗೇ ಎರಡು ಕ್ಲಾಸು. ಚಾಮರಾಜನಗರದಲ್ಲಿ ಅಂಗವಿಕಲ ಮಕ್ಕಳಿಗೆ ಶಿಬಿರ ಐತೆ, ಹೋಗು. ಅಲ್ಲಿ ಎಲ್ಲಾ ಕೊಡ್ತಾರೆ."

ಎಲ್ಲಾ ಕೊಡುತ್ತಾರೆ ಎಂದ ಮೇಲೆ ಅತ್ತೆ ಚಿಕ್ಕಮಲ್ಲಮ್ಮನೂ ಹೊರಟಳು. ಅವಳಿಗೆ ಕಿವಿ ಮಂದ. ಮನೆಯಲ್ಲಿ ಯಾರು ಏನು ಹೇಳಿದರೂ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತಿದ್ದಳು. ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು.

ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹೆಣ್ಣು ಗಂಡು ಕೂರುವ ಮಂಟಪದಲ್ಲಿ ಅಧಿಕಾರಿ ರಘುನಾಥ ಕೂತಿದ್ದರು. ಕೆಳಗೆ ಮೂರು ಮೇಜು. ಒಂದರ ಮೇಲೆ ಕಾಲಿನ ಸಾಮಾನು, ಒಂದರ ಮೇಲೆ ಕಣ್ಣಿನದು, ಒಂದರ ಮೇಲೆ ಕಿವಿಯದು.

"ಇವಳದ್ದು ಯಾವುದಮ್ಮ? ಕಾಲಾ, ಕಣ್ಣಾ, ಕಿವಿನಾ?"

"ಆಟಿಸಂ ಸಾ."

"ಆಟಿಸಂಗೆ ಇವತ್ತು ಮೇಜಿಲ್ಲ. ಪಾಪು, ನಯನಾ!" ಎಂದು ಚೀಟಿ ನೋಡಿ ಕೂಗಿದರು. ಮಗು ತಿರುಗಲಿಲ್ಲ. ಫ್ಯಾನುಗಳ ಗರಗರಕ್ಕೆ ಎರಡೂ ಕಿವಿ ಮುಚ್ಚಿಕೊಂಡು ನಿಂತಿತ್ತು. "ಕಿವಿ," ಎಂದರು ರಘುನಾಥ.

"ಅಯ್ಯೋ, ಇವಳಿಗೆ ಕೇಳೋದು ಜಾಸ್ತಿ ಸಾ! ಬಸ್ಸು ಇನ್ನೂ ಕೆರೆ ಏರಿ ಮೇಲಿರ್ವಾಗ್ಲೇ ಬಂತು ಅಂತಾಳೆ."

"ಹಂಗಾದ್ರೆ ಇದನ್ನ ಹಾಕಿದ್ರೆ ಇನ್ನೂ ಚೆನ್ನಾಗಿ ಕೇಳ್ತದೆ. ಹಾಕಿ."

"ನಮ್ಗೆ ಬೇಕಾಗಿರಾದು ಪಕ್ದಲ್ಲಿ ಕೂತ್ಕಳ ಜನ ಸಾ."

"ಜನ ಡಬ್ಬಿಲಿ ಬರಲ್ಲಮ್ಮ."

ಚಿಕ್ಕಮಲ್ಲಮ್ಮ ಮುಂದೆ ನುಗ್ಗಿದಳು. "ಸ್ವಾಮೇರ, ನಂಗಾದ್ರೂ ಒಂದು ಕೊಡಿ. ನಂಗೆ ನಿಜ್ವಾಗ್ಲೂ ಕೇಳಕಿಲ್ಲ."

"ಇದು ಶಾಲೆ ಮಕ್ಕಳಿಗೆ ಅಜ್ಜಿ."

"ಏನಂದ್ರಿ?"

"ಶಾಲೆ ಮಕ್ಕಳಿಗೆ!"

"ಆಗ್ಲಿ ಬುಡಿ, ನಾಳೆಯಿಂದ ಸೇರ್ಕತೀನಿ."

ಹೀಗೆ ಕಿವಿ ಕೇಳುವ ಮಗುವಿಗೆ ಕಿವಿ ಮಿಷಿನ್ ಸಿಕ್ಕಿತು, ಕೇಳದ ಮುದುಕಿ ಬರಿಗೈಲಿ ಬಸ್ಸು ಹತ್ತಿದಳು. ಆದರೆ ಅವಳೂ ಸುಮ್ಮನೆ ಕೂರುವವಳಲ್ಲ. ಮನೆ ಸೇರಿದ್ದೇ ಮಿಷಿನ್ನು ಅವಳ ಕಿವಿಯಲ್ಲಿತ್ತು. ಅಳತೆ ಸರಿಯಿಲ್ಲ, ಸದ್ದು ಹೆಚ್ಚು ಕಡಿಮೆ ಮಾಡುವುದು ಗೊತ್ತಿಲ್ಲ. ಸೊಸೆ ಪಾತ್ರೆ ತೊಳೆಯಲು ಕೂತಳು. ಮುದುಕಿ ಜಗಲಿಯಿಂದ ಚೀರಿದಳು. "ಮೆಲ್ಲಗ್ ಇಕ್ಕಮ್ಮಿ! ಚಮಚ ಬಿದ್ರೆ ಗುಡುಗು ಬಿದ್ದಂಗಾಯ್ತದೆ!" ಹೊರಗೆ ಮೋಟಾರ್ ಬೈಕು ಹೋಯಿತು. ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿಕೊಂಡವಳು ಎದುರಿಗೆ ಕೂತ ಮೊಮ್ಮಗಳನ್ನು ನೋಡಿದಳು. ಆ ಮಗುವೂ ಹಾಗೇ ಮುಚ್ಚಿಕೊಂಡಿತ್ತು. ಮಿಷಿನ್ನು ಕಿತ್ತು ಸೊಸೆಯ ಕೈಗಿಟ್ಟಳು.

"ಇದನ್ನೇನಾದ್ರೂ ಮಗೀಗೆ ಇಕ್ಕೀಯೆ, ಜ್ವಾಕೆ ಕಣಮ್ಮಿ."

ಇತ್ತ ಗಂಗಾಧರಸ್ವಾಮಿಗಳಿಗೆ ಸಂತೋಷವೋ ಸಂತೋಷ. ಅವರ ಶಾಲೆಗೆ ಮಿಷಿನ್ ಬಂದಿದೆ! ಮಗುವಿಗೆ ಅಭ್ಯಾಸವಾಗುವವರೆಗೆ ತಾಯಿ ಪಕ್ಕದಲ್ಲಿ ಕೂರಬಹುದೆಂದು ಅಪ್ಪಣೆ ಕೊಟ್ಟರು. ನಾಗರತ್ನ ಮಿಷಿನ್ನನ್ನು ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಪಕ್ಕ ಕೂತಳು. ಗಂಟೆ ಹೊಡೆಯುವ ಮುಂಚೆ ಬೆನ್ನು ತಟ್ಟಿ ತಿಳಿಸಿದಳು. ಊಟದ ಸಾಲಿನಲ್ಲಿ ಮಗಳ ಕೈಯನ್ನು ತನ್ನ ಅಂಗೈಯಲ್ಲಿ ಒತ್ತಿ ಹಿಡಿದು, ಶ್ಲೋಕ ಮುಗಿದಾಗ ಬಿಟ್ಟಳು. ಮೊದಲು ಮಗು ಕೈ ಎಳೆದಾಡಿತು, ಕೂಗಿತು. ಎರಡನೆಯ ವಾರದಲ್ಲಿ ಮಗು ಕಾಯಿತು. ಎಲ್ಲರೂ ಮುಗಿಸಿದ ಮೇಲೆ ಶ್ಲೋಕದ ಕೊನೆಯ ಪದವನ್ನು ತಾನೊಬ್ಬಳೇ ಹೇಳಿ, ಆಮೇಲೆ ಉಂಡಳು.

ನಯನಾಳ ಕೂದಲು ಕಿವಿಯ ಮೇಲೆ ಇಳಿಬಿದ್ದಿತ್ತು. ಅದನ್ನು ಸರಿಸಿ ನೋಡುವ ಪುರುಸೊತ್ತು ಯಾರಿಗಿತ್ತು? ಮೇಷ್ಟ್ರು ರಘುನಾಥರಿಗೆ ಫೋನು ಮಾಡಿದರು. "ಸರ್, ಮಿಷಿನ್ ಏನ್ ಕೆಲಸ ಮಾಡ್ತದೆ ಅಂತೀರಿ! ಮಗು ಬಂಗಾರ ಆಗೋಗಿದೆ. ಬಂದು ಒಂದು ಫೋಟೋ ತೆಗೀರಿ."

ಶನಿವಾರ ಶಾಮಿಯಾನ ಬಂತು, ಮೈಕು ಬಂತು, ಹಾರ ಬಂತು, ಕೊನೆಗೆ ರಘುನಾಥರೂ ಬಂದರು. ಹೊತ್ತಿಗೆ ಮುಂಚೆಯೇ ಮಕ್ಕಳನ್ನು ಜಗಲಿಯಲ್ಲಿ ಊಟಕ್ಕೆ ಕೂರಿಸಿದ್ದರು; ಮಗು ಸಾಲಿನಲ್ಲಿ ಕಾಯುವ ಫೋಟೋ ಬೇಕಿತ್ತು. ಮೇಷ್ಟ್ರು ಕೂದಲು ಸರಿಸಿದರು. ಕಿವಿ ಖಾಲಿ.

"ಎಲ್ಲಮ್ಮ ಮಿಷಿನ್?"

ನಾಗರತ್ನ ಚೀಲದಿಂದ ತೆಗೆದು ತೋರಿಸಿದಳು. "ಒಂದಿನಾನೂ ಇಕ್ಕಿಲ್ಲ ಸಾ."

ಮೇಷ್ಟ್ರ ಮುಖ ಬಿಳುಚಿತು. ರಘುನಾಥರದ್ದು ಬಿಳುಚಲಿಲ್ಲ, ಅವರಿಗೆ ಅನುಭವ ಹೆಚ್ಚು. "ಪರವಾಗಿಲ್ಲ. ಈಗ ಹಾಕು, ಫೋಟೋ ಆಗ್ಲಿ. ಆಮೇಲೆ ನೀನು ಎದ್ದು ಆ ಕಡೆ ನಿಂತ್ಕೋ. ತಾಯಿ ಪಕ್ಕದಲ್ಲಿದ್ರೆ ಮಿಷಿನ್‌ನಿಂದ ಸರಿಹೋಯ್ತು ಅಂತ ಯಾರು ನಂಬ್ತಾರೆ?"

"ಇಕ್ಕಕಿಲ್ಲ ಸಾ."

"ನೋಡು ನಾಗರತ್ನ," ಮೇಷ್ಟ್ರು ದನಿ ತಗ್ಗಿಸಿದರು. ಕಣ್ಣು ಒದ್ದೆಯಾಗಿತ್ತು. "ಹಾಕಲ್ಲ ಅಂದ್ರೆ ಕಾರ್ಯಕ್ರಮ ಮುಗಿಯೋವರೆಗೂ ಆ ಕೋಣೆಲಿ ಇರಿ. ಈ ಸಲ ನೀನೂ ಜೊತೆಗಿರು. ಚಿಲಕ ಹಾಕಿಸಲ್ಲ. ಸೋಮವಾರದಿಂದ ಮಾತ್ರ ನೀನು ಬರೋ ಹಂಗಿಲ್ಲ."

ಮಕ್ಕಳು ಶ್ಲೋಕ ಶುರು ಮಾಡಿದರು. ನಯನಾಳ ತಟ್ಟೆಯಲ್ಲಿ ಅನ್ನ ಹಬೆಯಾಡುತ್ತಿತ್ತು. ಅವಳ ಕೈ ತಾಯಿಯ ಅಂಗೈಯಲ್ಲಿತ್ತು.

"ಏಳಮ್ಮ."

"ಏಳಕಿಲ್ಲ ಸಾ."

"ಸೋಮವಾರ..."

"ಸೋಮಾರಾನೂ ಇಲ್ಲೇ ಕೂರ್ತೀನಿ. ಜರುಗಿ ಸಾ, ಮಗು ಉಣ್ಬೇಕು."