ಗರಿಯ ಗುರುತು

ನಾನು ಗೊರಕೆ ಹೊಡೆದರೆ ಸಾಜಾವಾ ನದಿ ಹಿಂದಕ್ಕೆ ಹರಿಯುತ್ತದೆ. ಕಳೆದ ವರ್ಷ ಜುಲೈ ತಿಂಗಳ ಒಂದು ಶನಿವಾರ ಅದು ಕಾಲು ಗಂಟೆ ಹೊತ್ತು ಏರುಮುಖವಾಗಿ ಹರಿಯಿತು. ಪ್ರಾಗ್ ಕಡೆಗೆ ಹುಟ್ಟು ಹಾಕುತ್ತಿದ್ದ ಇಬ್ಬರು ದೋಣಿಯವರು ಹಿಂದಿನ ಸಂಜೆ ಬಿಯರ್ ಕುಡಿದು ಹೊರಟಿದ್ದ ಹೋಟೆಲಿನ ಎದುರಿಗೇ ಬಂದು ನಿಂತರು. ಹೋಟೆಲಿನವನು ಏನೂ ಕೇಳದೆ ಇನ್ನೆರಡು ಲೋಟ ತುಂಬಿಸಿಟ್ಟ. ಆ ಭಾಗದ ಮೀನುಗಳಿಗೆ ಮುಂದೆ ಯಾವುದು ಹಿಂದೆ ಯಾವುದು ಎಂಬ ಗೊಂದಲ ಇವತ್ತಿಗೂ ಹೋಗಿಲ್ಲ.

ಅಂಥ ನಿದ್ದೆ ನನಗೆ ಬಂದದ್ದು ಬರಿಯ ನೆಲದ ಮೇಲೆ, ಬಂಡೆಯ ಕೆಳಗೆ. ಅದನ್ನು ಕಲಿಸಿದವನು ನನ್ನ ಹೆಂಡತಿಯ ಅಣ್ಣ ಒಟಾಕರ್. ಕಲಿಸಿ ಕೈಕೊಟ್ಟವನೂ ಅವನೇ. ಇದು ಆ ದ್ರೋಹದ ಕಥೆ. ಓದುವಾಗ ನಿಮ್ಮ ರಕ್ತ ಕುದಿಯದಿದ್ದರೆ ನಿಮ್ಮಲ್ಲಿ ರಕ್ತವೇ ಇಲ್ಲ ಎಂದು ತಿಳಿಯುತ್ತೇನೆ.

ನನ್ನ ಹೆಸರು ವೆಂಡೆಲೀನ್, ಕಸುಬು ಹಾಸಿಗೆ ಹೊಲಿಯುವುದು. ಬೊಹೀಮಿಯಾದಲ್ಲಿ ನನ್ನಂಥ ಹಾಸಿಗೆಗಾರ ಇನ್ನೊಬ್ಬನಿಲ್ಲ. ಒಬ್ಬ ನ್ಯಾಯಾಧೀಶರು ನಾನು ಹೊಲಿದ ಹಾಸಿಗೆಯಿಂದ ಏಳಲಾಗದೆ ಎರಡು ವಿಚಾರಣೆ ತಪ್ಪಿಸಿಕೊಂಡು, ಮೂರನೆಯದಕ್ಕೆ ಹಾಸಿಗೆಯನ್ನೇ ಕೋರ್ಟಿಗೆ ತರಿಸಿದರು. ಇಂಥ ನಾನು ಹೋಗಿ ಕಾಡಿನಲ್ಲಿ, ಬೇರುಗಳ ಮೇಲೆ, ಇರುವೆಗಳ ಜೊತೆ ಮಲಗುವುದೇ? ಮದುವೆಯಾಗಿ ಇಪ್ಪತ್ತಾರು ವರ್ಷ ತಪ್ಪಿಸಿಕೊಂಡಿದ್ದೆ. ಒಂದು ವರ್ಷ ಕಾಲು ಉಳುಕಿತು, ಒಂದು ವರ್ಷ ಹಲ್ಲು ನೋವು. ನೆಪಗಳು ಮುಗಿದ ವರ್ಷ ಹೆಂಡತಿ ಯಾರ್ಮಿಲಾ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಳು.

"ಅದು ನಮ್ಮಪ್ಪ ಕಟ್ಟಿದ ಬಿಡಾರ ಕಣ್ರೀ. ಅಲ್ಲಿ ಎಲ್ರ ತೋಳಲ್ಲೂ ಪಟ್ಟಿ ಇದೆ, ನನ್ನ ಗಂಡನ ತೋಳು ಮಾತ್ರ ಬೋಳು. ವರ್ಷಾ ವರ್ಷಾ ಬೆಂಕಿ ಮುಂದೆ ಕೂತು ನಾನೇ ತಲೆ ತಗ್ಗಿಸ್ಬೇಕಾ?"

ಬಿಡಾರದ ಹೆಸರು ತೂತುಕೆಟಲು, ಬೇಸಿಗೆಯ ವಾರಾಂತ್ಯಗಳಲ್ಲಿ ಊರಿನವರು ಬಂದು ಕಾಡಿನಲ್ಲಿ ಮಲಗುವ ಜಾಗ. ನದಿಯ ಕಡೆ ಚಾಚಿಕೊಂಡ ದೊಡ್ಡ ಬಂಡೆ, ಅದರ ಕೆಳಗೆ ಹತ್ತು ಜನ ಮಲಗುವಷ್ಟು ನೆಲ, ಮುಂದೆ ಬೆಂಕಿಯ ಕುಂಡ. ಟೆಂಟು ಅಲ್ಲಿ ನಿಷಿದ್ಧ. ಟೆಂಟು ಹೊತ್ತು ಬಂದವನನ್ನು ಈಜಲು ಛತ್ರಿ ತಂದವನಂತೆ ನೋಡುತ್ತಾರೆ. ಅಲ್ಲಿಗೆ ಕಾಲಿಟ್ಟ ಮೇಲೆ ಯಾರಿಗೂ ಊರಿನ ಹೆಸರಿಲ್ಲ. ಎಲ್ಲರಿಗೂ ಒಂದು ಅಡ್ಡಹೆಸರು, ಅದಕ್ಕೊಂದು ಗುರುತಿನ ಚಿತ್ರ. ಬಂಡೆಯ ಸಂದಿನಲ್ಲಿ ತಗಡಿನ ಡಬ್ಬಿಯೊಳಗೆ ಬಿಡಾರದ ಪುಸ್ತಕ ಇರುತ್ತದೆ. ಮಳೆ ಬಂತು, ಅಣಬೆ ಸಿಕ್ಕಿತು, ಯಾರೋ ನೀರಿಗೆ ಬಿದ್ದರು, ಏನಿದ್ದರೂ ಅದರಲ್ಲಿ ಬರೆಯಬೇಕು, ಬರೆದ ಮೇಲೆ ಕೆಳಗೆ ನಮ್ಮ ಚಿತ್ರ ಹಾಕಬೇಕು. ಸೆಪ್ಟೆಂಬರಿನ ಮೊದಲ ಶನಿವಾರ, ಸೂರ್ಯ ಮುಳುಗಿದ ಮೇಲೆ ದೊಡ್ಡ ಬೆಂಕಿ ಹಾಕಿ ಆ ವರ್ಷದ ಪುಟಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ.

ಒಟಾಕರ್ ಅಲ್ಲಿನ ಮುಖ್ಯಸ್ಥ. ಅವರ ಮಾತಿನಲ್ಲಿ ಶೆರಿಫ್. ಅಡ್ಡಹೆಸರು ನೀರುನಾಯಿ. ಪುಸ್ತಕ ಕಾಯುವವಳು ಬ್ಲಾಜೆನಾ, ನಿವೃತ್ತ ನರ್ಸ್, ಎಪ್ಪತ್ತು ದಾಟಿದವಳು, ಅಡ್ಡಹೆಸರು ಈರುಳ್ಳಿ. ನನಗೆ ಹೆಸರಿಡಲು ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಹಂಸತೂಲಿಕೆ!" ಅಂದಳು ಬ್ಲಾಜೆನಾ. "ನೋಡು, ಕೂರೋ ಮುಂಚೆ ನೆಲ ತಟ್ಟಿ ನೋಡ್ತಾನೆ, ದಿಂಬು ತಟ್ಟೋ ಹಾಗೆ."

ನನ್ನ ಗುರುತು ಒಂದು ಗರಿ. ಇಪ್ಪತ್ತೊಂದು ರಾತ್ರಿ ಬಂಡೆಯ ಕೆಳಗೆ ನೆಲದ ಮೇಲೆ ಮಲಗಿದವನಿಗೆ ತೋಳಪಟ್ಟಿ. ಮಲಗಿದ ಪ್ರತಿ ರಾತ್ರಿಗೂ ಮರುದಿನ ಬೆಳಿಗ್ಗೆ ಶೆರಿಫ್ ಪುಸ್ತಕದಲ್ಲಿ ಒಂದು ಗರಿ ಬರೆಯುತ್ತಾನೆ. ಶೆರಿಫ್ ಬರೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಮೊದಲು ನೆಲಕ್ಕೆ ಬೆನ್ನು ಕೊಡುವವನು ಅವನೇ. ನೆಲ ಬಿಟ್ಟ ದಿನ ಅವನು ಶೆರಿಫ್ ಅಲ್ಲ.

ಮೊದಲ ಬೇಸಿಗೆ ನಾನು ಏಳು ರಾತ್ರಿ ಕಳೆದೆ. ಆ ಏಳು ರಾತ್ರಿಗಳ ಬಗ್ಗೆ ಏನು ಹೇಳಲಿ! ಇರುವೆಗಳು ನನ್ನನ್ನು ಹೊತ್ತುಕೊಂಡು ನದಿಯವರೆಗೆ ಹೋಗಿ, ಭಾರ ತಾಳದೆ ಮತ್ತೆ ತಂದು ಮಲಗಿಸಿದವು. ಒಂದು ಕಾಡುಹಂದಿ ನನ್ನ ಪಕ್ಕ ಮಲಗಿ, ಬೆಳಿಗ್ಗೆ ತನಗೆ ಸೊಂಟ ಹಿಡಿದಿದೆ ಎಂದು ದೂರಿತು. ನಾನು ಒಂದು ಮಾತೂ ಗೊಣಗಲಿಲ್ಲ. ಏಳಕ್ಕೆ ಏಳು ಗರಿ. ಆದರೆ ದ್ವೇಷಿಸಿದೆ. ಆ ಬಂಡೆಯನ್ನು, ಹೊಗೆಯನ್ನು, ತಗಡಿನ ಲೋಟ ತುಟಿ ಸುಡುವುದನ್ನು, ಕಾಫಿಯಲ್ಲಿ ತೇಲುವ ಪೈನ್ ಎಲೆಗಳನ್ನು, ಎಲ್ಲವನ್ನೂ.

ಎರಡನೆಯ ಬೇಸಿಗೆಯ ಮೊದಲ ಸಂಜೆ ಒಟಾಕರ್ ಸಣ್ಣ ಸಲಿಕೆ ಹಿಡಿದು ನನ್ನ ಜಾಗಕ್ಕೆ ಬಂದ.

"ಮಲಗು ಭಾವ, ಮಗ್ಗುಲಿಗೆ."

"ಹೂಳ್ತೀಯಾ?"

"ಸೊಂಟ ಎಲ್ಲಿ ಬರುತ್ತೆ ನೋಡ್ತೀನಿ. ಹಾಸಿಗೆ ಹೊಲಿಯೋನಿಗೆ ಇಷ್ಟೂ ತಿಳಿಯಲ್ವಾ? ನೆಲ ಗಟ್ಟಿ ಅಲ್ಲ, ನೆಲ ಸಪಾಟು. ತಪ್ಪು ಅಲ್ಲಿದೆ."

ಸೊಂಟದ ಮೂಳೆ ಬರುವ ಕಡೆ ಒಂದು ಗೇಣು ಅಗಲ, ನಾಲ್ಕು ಬೆರಳು ಆಳದ ಗುಳಿ ತೋಡಿದ. ಭುಜಕ್ಕೆ ಇನ್ನೊಂದು, ಸ್ವಲ್ಪ ಕಿರಿದು. ಮೇಲೆ ಒಣ ಜರೀಗಿಡದ ಎಲೆ ಹರಡಿ ಟಾರ್ಪಾಲು ಹಾಸಿದ. ಮಲಗಿದೆ. ಮೂವತ್ತು ವರ್ಷ ಕುದುರೆಗೂದಲು, ಸ್ಪ್ರಿಂಗು, ಹತ್ತಿ ತುಂಬಿ ನಾನು ಯಾವುದನ್ನು ಹುಡುಕುತ್ತಿದ್ದೆನೋ ಅದು ಸಲಿಕೆಯ ಎರಡು ಏಟಿನಲ್ಲಿತ್ತು. ಆ ರಾತ್ರಿ ಮಳೆ ಬಂತು. ಬಂಡೆಯ ಅಂಚಿನಿಂದ ನೀರು ಪರದೆಯಂತೆ ಇಳಿಯುತ್ತಿತ್ತು, ನನ್ನ ಮೂಗಿನಿಂದ ಎರಡು ಮಾರು ದೂರದಲ್ಲಿ. ನಾನು ಒಣಗಿದ್ದೆ. ಬೆಚ್ಚಗಿದ್ದೆ. ಪಕ್ಕದಲ್ಲಿ ಒಟಾಕರ್ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಅದೂ ಹಿತವಾಗಿಯೇ ಕೇಳಿತು.

ಅಲ್ಲಿಂದ ಶುಕ್ರವಾರ ಯಾವಾಗ ಬರುತ್ತದೆಂದು ಕಾಯುವಂತಾದೆ. ಬೆಂಕಿಯಲ್ಲಿ ಸುಡುವ ಸಾಸೇಜಿನ ಎರಡು ತುದಿ ಸೀಳಿದರೆ ಅದು ಹೂವಿನಂತೆ ಅರಳುತ್ತದೆಂದು ತಿಳಿದೆ. ಪೈನ್ ಎಲೆ ಇಲ್ಲದ ಕಾಫಿ ಸಪ್ಪೆಯೆನಿಸಿತು. ಮನೆಯ ಮಂಚದ ಮೇಲೆ ಹೊರಳಾಡಿದೆ. ಯಾರ್ಮಿಲಾ ನಕ್ಕಳು. "ನಮ್ಮಣ್ಣ ನಿಮ್ಮನ್ನ ಕೆಡಿಸ್ಬಿಟ್ಟ."

ಇನ್ನು ಮೂರನೆಯ ಬೇಸಿಗೆ. ಆ ವರ್ಷ ಒಟಾಕರ್ ಕಟ್ಟಿಗೆ ಒಡೆಯಲಿಲ್ಲ. "ಶೆರಿಫ್ ಆದೋನು ಕೊಡಲಿ ಮುಟ್ಟಬಾರ್ದು, ಹೊಸ ಕಾನೂನು," ಅಂದ. ನಾವು ನಕ್ಕು ಒಡೆದೆವು. ನೀರನ್ನೂ ನಾವೇ ಹೊತ್ತೆವು. ನಾನು ಪೆದ್ದನಂತೆ ಅದನ್ನು ಗತ್ತು ಎಂದುಕೊಂಡೆ.

ಹತ್ತೊಂಬತ್ತನೆಯ ಗರಿಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಒಟಾಕರನ ಮಲಗುವ ಚೀಲ ಖಾಲಿ ಬಿದ್ದಿತ್ತು. ಟಾರ್ಪಾಲಿನ ಅಂಚು ಎತ್ತಿ ನೋಡಿದರೆ ಅವನ ಸೊಂಟದ ಗುಳಿಯಲ್ಲಿ ಒಂದು ಅಣಬೆ ಎದ್ದಿತ್ತು. ಸಣ್ಣದಲ್ಲ, ಕೆಳಗೆ ನಾಲ್ಕು ಜನ ಕೂತು ಇಸ್ಪೀಟು ಆಡಬಹುದಾದಷ್ಟು. ಮನುಷ್ಯ ಮಲಗುವ ಗುಳಿಯಲ್ಲಿ ಅಣಬೆ ಏಳುವುದಿಲ್ಲ. ಅಣಬೆ ಎದ್ದಿದೆಯೆಂದರೆ ಅಲ್ಲಿ ಎಷ್ಟೋ ವಾರಗಳಿಂದ ಯಾರೂ ಮಲಗಿಲ್ಲ.

ದಡಕ್ಕೆ ಓಡಿದೆ. ಮಂಜಿನೊಳಗಿನಿಂದ ದೋಣಿ ಬರುತ್ತಿತ್ತು. ಅದರಲ್ಲಿ ಒಟಾಕರ್, ತಲೆ ಬಾಚಿಕೊಂಡು, ಸೋಪಿನ ವಾಸನೆ ಹೊಡೆಯುತ್ತಾ.

"ಬೇಗ ಎದ್ಯಲ್ಲ ಭಾವ."

"ನೀನೂ ಎದ್ದಿದ್ದೀಯಲ್ಲ ಶೆರಿಫ್."

"ಗಾಳ ಹಾಕಕ್ಕೆ ಹೋಗಿದ್ದೆ."

"ಗಾಳ ಎಲ್ಲಿ?"

"ಮರ್ತೆ."

"ಮೀನು?"

"ಗಾಳ ಇಲ್ದೆ ಮೀನು ಬರುತ್ತಾ? ಬೆಳಿಗ್ಗೆ ಬೆಳಿಗ್ಗೆ ಏನು ಕೇಳ್ತೀಯೋ!"

ಅಂದು ಮಧ್ಯಾಹ್ನ ಎಲ್ಲರೂ ಅಣಬೆಗೆ ಹೋದಾಗ ನಾನು ದೋಣಿ ಹತ್ತಿ ಆಚೆ ದಡಕ್ಕೆ ಹೋದೆ. ಮರಗಳ ಹಿಂದೆ ಹಳೆಯ ದೋಣಿಮನೆ. ಕಿಟಕಿಯಲ್ಲಿ ಇಣುಕಿದೆ. ಒಳಗೆ ಮಂಚ. ಮಂಚದ ಮೇಲೆ ಹಾಸಿಗೆ. ನೀಲಿ ಪಟ್ಟೆ, ಅಂಚಿಗೆ ಜೋಡಿ ಹೊಲಿಗೆ, ಮೂಲೆಯಲ್ಲಿ ಗಂಟು. ಅವನ ಐವತ್ತನೆಯ ಹುಟ್ಟುಹಬ್ಬಕ್ಕೆ ನಾನೇ ಹೊಲಿದು ಕೊಟ್ಟದ್ದು.

ನೀವೇ ಹೇಳಿ. ನನ್ನನ್ನು ಮಂಚದಿಂದ ಇಳಿಸಿ ನೆಲಕ್ಕೆ ಹಚ್ಚಿದವನು ತಾನು ಮಂಚ ಹತ್ತಿ ಮಲಗಿದ್ದ. ಅದೂ ನನ್ನದೇ ಹಾಸಿಗೆ! ಮಳೆಯ ಸದ್ದು ಎಷ್ಟು ಚೆಂದ ಎಂದು ಬೆಳಿಗ್ಗೆ ನಾನು ಹೇಳಿದಾಗೆಲ್ಲ ಅವನು ಹೂಂಗುಟ್ಟಿದ್ದ, ಹೆಂಚಿನ ಕೆಳಗೆ ಮಲಗಿ ಬಂದು. ನಾನು ಇಷ್ಟಪಡಲು ಕಲಿತದ್ದು ಮಳೆಯನ್ನೋ, ಅವನ ಪಕ್ಕದಲ್ಲಿ ಕೇಳುವ ಮಳೆಯನ್ನೋ ಎಂದು ಆ ಕಿಟಕಿಯ ಮುಂದೆ ನನಗೆ ತಿಳಿಯದೆ ಹೋಯಿತು. ಪಕ್ಕದ ಗುಳಿ ಖಾಲಿಯಿತ್ತು, ನಾನೊಬ್ಬನೇ ಮಲಗಿದ್ದೆ, ಇಷ್ಟೂ ದಿನ.

ಆದರೂ ನಾನು ದೊಡ್ಡ ಮನಸ್ಸಿನವನು. ಬಾಯಿ ಬಿಡಲಿಲ್ಲ. ಪಿಟ್ಟೆನ್ನಲಿಲ್ಲ. ಇದನ್ನು ಓದುತ್ತಿರುವ ನಿಮ್ಮ ಮೇಲಾಣೆ.

ಸೆಪ್ಟೆಂಬರಿನ ಬೆಂಕಿ ಬಂತು. ಇಪ್ಪತ್ತೊಂದು ಗರಿ ತುಂಬಿದ್ದವು. ಯಾರ್ಮಿಲಾ ಹೊಸ ಅಂಗಿ ಇಸ್ತ್ರಿ ಮಾಡಿ ತೊಡಿಸಿದ್ದಳು, ಎಡತೋಳಿನ ಮೇಲೆ ಪಟ್ಟಿಗೆಂದು ಸೀಮೆಸುಣ್ಣದ ಗುರುತು ಹಾಕಿ. ಒಟಾಕರ್ ಬೆಂಕಿ ಹಚ್ಚಿದ. ಬ್ಲಾಜೆನಾ ಕನ್ನಡಕ ಏರಿಸಿ ಪುಸ್ತಕ ಓದತೊಡಗಿದಳು. ಮಳೆ, ಅಣಬೆ, ನೀರಿಗೆ ಬಿದ್ದವರು. ಆಮೇಲೆ ಒಂದು ಪುಟ ತಿರುಗಿಸಿದವಳು ನಿಂತಳು.

"ಇದು ಯಾರ ಕೈಬರಹ? ಕೋಳಿ ಕೆದಕಿದ ಹಾಗಿದೆ."

"ಓದು ಈರುಳ್ಳಿ," ಅಂದ ಒಟಾಕರ್.

ಅವಳು ಓದಿದಳು. "ನಮ್ಮ ಶೆರಿಫ್ ನೆಲದ ಮೇಲೆ ಮಲಗುವುದಿಲ್ಲ. ಹೊಳೆ ದಾಟಿ ದೋಣಿಮನೆಯಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಮಲಗುತ್ತಾನೆ. ಬೇಕಿದ್ದರೆ ಹೋಗಿ ನೋಡಿ. ಇಂತಿ, ಸತ್ಯ ಬಲ್ಲವನು."

ಕಮ್ಯುನಿಸ್ಟರ ಆಡಳಿತ ಕಂಡ ನಮ್ಮ ವಯಸ್ಸಿನವರಿಗೆ ಹೆಸರಿಲ್ಲದ ದೂರಿನ ಬರಹವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಒಟಾಕರ್ ಮತ್ತು ಯಾರ್ಮಿಲಾ ಅವರ ಅಪ್ಪ ಶಾಲೆಯ ಮೇಷ್ಟರ ಕೆಲಸ ಕಳೆದುಕೊಂಡು ಬಾಯ್ಲರಿಗೆ ಕಲ್ಲಿದ್ದಲು ತುಂಬುವಂತಾದದ್ದು ಅಂಥದೇ ಒಂದು ಕಾಗದದಿಂದ.

ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತೆ. "ಥೂ! ಯಾವನೋ ಅವನು ಹೇಡಿ? ಗಂಡಸಾದ್ರೆ ಎದುರಿಗೆ ಬರ್ಲಿ!" ನನ್ನ ದನಿಗೆ ಆಚೆ ದಡದ ಮರಗಳು ನಾಲ್ಕು ಹೆಜ್ಜೆ ಹಿಂದೆ ಸರಿದವು.

"ಕೂತ್ಕೋ ಭಾವ," ಅಂದ ಒಟಾಕರ್. "ಬರ್ದಿರೋದು ನಿಜ. ಏಪ್ರಿಲ್‌ನಲ್ಲಿ ಬೆನ್ನುಮೂಳೆ ಜರುಗ್ತು. ನೆಲದ ಮೇಲೆ ಮಲಗಿದ್ರೆ ಕಾಲು ಹೋಗುತ್ತೆ ಅಂದ್ರು ಡಾಕ್ಟ್ರು. ಹೇಳ್ಬೇಕಿತ್ತು. ಹೇಳಿದ್ರೆ ಈ ಶೆರಿಫ್ ದಿಮ್ಮಿ ಮೇಲೆ ನಾನು ಕೂರೋ ಹಾಗಿಲ್ಲ. ಇವತ್ತು ಹಂಸತೂಲಿಕೆಗೆ ಪಟ್ಟಿ ಕೊಟ್ಟು ಆಮೇಲೆ ನಾನೇ ಹೇಳೋಣ ಅಂತಿದ್ದೆ."

"ಇರು," ಅಂದಳು ಬ್ಲಾಜೆನಾ. ಪುಸ್ತಕವನ್ನು ಬೆಂಕಿಯ ಬೆಳಕಿಗೆ ಹಿಡಿದಳು. "ಇಲ್ಲಿ, ಕೆಳಗೆ, ಏನೋ ಚಿತ್ರ ಇದೆ."

ಯಾರ್ಮಿಲಾ ಬಗ್ಗಿ ನೋಡಿದಳು. ನೋಡಿ, ನನ್ನ ಪಕ್ಕ ಬಂದು ಕೂರಲಿಲ್ಲ.

ಒಂದು ಗರಿ. ಎಡಗೈಯಲ್ಲಿ ಬರೆದಿದ್ದೆ, ಅಕ್ಷರ ಗುರುತು ಸಿಗದಿರಲೆಂದು. ಕೊನೆಯ ಸಾಲು ಮುಗಿದ ಮೇಲೆ ಪೆನ್ಸಿಲು ಬಲಗೈಗೆ ಬಂದದ್ದು ನನಗೇ ಗೊತ್ತಾಗಿರಲಿಲ್ಲ. ಮೂರು ವರ್ಷ ಆ ಪುಸ್ತಕದಲ್ಲಿ ಏನು ಬರೆದರೂ ಕೆಳಗೆ ಗರಿ ಎಳೆದಿದ್ದೆ. ಕೈ ತಾನೇ ಎಳೆದುಬಿಟ್ಟಿತ್ತು.

"ಅದು... ಯಾರೋ ನನ್ನ ಗುರುತು ಕದ್ದು..." ಅಂದೆ.

ಒಟಾಕರ್ ಬೈಯಲಿಲ್ಲ. ಪುಸ್ತಕ ತೆಗೆದುಕೊಂಡು ಹಿಂದಕ್ಕೆ, ಮೊದಲ ಬೇಸಿಗೆಯವರೆಗೆ ಪುಟ ತಿರುಗಿಸಿ ನನ್ನ ಮಡಿಲಿಗಿಟ್ಟ. ಸಾಲಾಗಿ ಏಳು ಗರಿ, ಅವನ ಕೈಯವು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ. "ಸ್ಟೇಷನ್ ಬೆಂಚು ಗಟ್ಟಿ ಇತ್ತಾ ಭಾವ?"

ಇನ್ನು ಸುಳ್ಳು ಹೇಳಿ ಉಪಯೋಗವಿಲ್ಲ. ನದಿ ಹಿಂದಕ್ಕೆ ಹರಿಯಲಿಲ್ಲ. ನನ್ನ ಗೊರಕೆಗೆ ಲೋಟದ ಕಾಫಿಯೂ ಅಲುಗುವುದಿಲ್ಲ. ಅಣಬೆ ಹೆಬ್ಬೆರಳಿನಷ್ಟಿತ್ತು. ಮೊದಲ ಬೇಸಿಗೆಯಲ್ಲಿ ಇರುವೆಯೂ ಇರಲಿಲ್ಲ, ಹಂದಿಯೂ ಇರಲಿಲ್ಲ. ಏಳು ರಾತ್ರಿಯೂ ನಾನು ಎಲ್ಲರೂ ಮಲಗಿದ ಮೇಲೆ ಎದ್ದು, ರೈಲು ನಿಲ್ದಾಣದ ಕಾಯುವ ಕೋಣೆಯಲ್ಲಿ ಮಲಗಿ, ಮೊದಲ ರೈಲು ಬರುವ ಮುಂಚೆ ವಾಪಸು ಬಂದಿದ್ದೆ. ಅವನಿಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು. ಪ್ರತಿ ಬೆಳಿಗ್ಗೆ ಒಂದು ಗರಿ ಬರೆದ. ಮರುವರ್ಷ ಸಲಿಕೆ ಹಿಡಿದು ಬಂದ.

ಅವನು ನನಗಾಗಿ ಆ ಪುಸ್ತಕದಲ್ಲಿ ಏಳು ಸುಳ್ಳು ಬರೆದ. ನಾನು ಅದರಲ್ಲೇ ಒಂದು ನಿಜ ಬರೆದೆ.

ಅಂದು ಅವನು ಪಟ್ಟಿಯನ್ನು ಜೇಬಿನಿಂದ ತೆಗೆದು ದಿಮ್ಮಿಯ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟುಕೊಂಡು ದೋಣಿಯ ಕಡೆ ನಡೆದ. ಈ ಬೇಸಿಗೆ ಅವನು ಬರಲಿಲ್ಲ. ಯಾರ್ಮಿಲಾ ಭಾನುವಾರ ಅಣ್ಣನ ಮನೆಗೆ ಒಬ್ಬಳೇ ಹೋಗುತ್ತಾಳೆ. ನಾನು ಬಂಡೆಯ ಕೆಳಗೆ ಹೋಗಿ ಮಲಗುತ್ತೇನೆ, ಅವನು ತೋಡಿದ ಗುಳಿಯಲ್ಲೇ. ನಿದ್ದೆ ಚೆನ್ನಾಗಿ ಬರುತ್ತದೆ, ಅದು ಇನ್ನೂ ಹೆಚ್ಚಿನ ನಾಚಿಕೆ. ಪಟ್ಟಿ ನನ್ನ ಹೊಲಿಗೆ ಮೇಜಿನ ಖಾನೆಯಲ್ಲಿದೆ. ಅದನ್ನು ತೋಳಿಗೆ ಹೊಲಿಯಲು ನನ್ನಂಥವನಿಗೆ ಹತ್ತು ನಿಮಿಷವೂ ಬೇಡ.